ಗಿಟಾರ್ ಪಾಠಕ್ಕೆ ತಿಂಗಳ ಚಂದಾ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ವಯಸ್ಸು 40 ದಾಟಿದ ಮೇಲೆ ಗಿಟಾರ್ ಹುಚ್ಚು ಹತ್ತಿದೆ. ಯೂಟ್ಯೂಬಲ್ಲಿ ಬೇಕಾದಷ್ಟು ವಿಡಿಯೋ ಪುಕ್ಕಟೆ ಸಿಗುವಾಗ ದುಡ್ಡು ಕೊಟ್ಟು ಆನ್‌ಲೈನ್ ಸಬ್‌ಸ್ಕ್ರಿಪ್ಷನ್ ತಗೋಬೇಕಾ? ವರ್ಷದ ಪ್ಲಾನ್ ಅರ್ಧ ರೇಟಿಗೆ ಕೊಡ್ತೀವಿ ಅಂತ ದಿನಾ ಮೆಸೇಜ್ ಬರ್ತಿದೆ.

ಉತ್ತರ: ವರ್ಷದ ಪ್ಲಾನ್ ಸದ್ಯಕ್ಕೆ ಮುಟ್ಟಲೇಬೇಡಿ. ಇವತ್ತೇ ಕೊನೇ ದಿನ ಅಂತ ಹೆದರಿಸೋ ಆಫರ್ ಮುಂದಿನ ಹಬ್ಬಕ್ಕೋ ಹೊಸ ವರ್ಷಕ್ಕೋ ಬೇರೆ ಹೆಸರಲ್ಲಿ ಮತ್ತೆ ಬರುತ್ತೆ. ನೋಡಿ, ದುಡ್ಡು ಕೊಟ್ಟವರಿಗೆ ಅಂತ ಬೇರೆ ಇ ಮೈನರ್ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಏನೂ ಇಲ್ಲ, ಆರು ತಂತಿ ಎಲ್ಲರಿಗೂ ಒಂದೇ. ನೀವು ದುಡ್ಡು ಕೊಡೋದು ಇವತ್ತು ಇದು, ಇದು ಬಂದ ಮೇಲೆ ಅದು ಅನ್ನೋ ಕ್ರಮಕ್ಕೆ. ಯೂಟ್ಯೂಬಲ್ಲಿ ಇವತ್ತು ಒಂದು ಹಾಡು, ನಾಳೆ ಯಾವುದೋ ಸೋಲೋ, ನಾಡಿದ್ದು ಇನ್ಯಾರೋ ಹೇಳಿದ ಐದು ಟ್ರಿಕ್ಕು ಅಂತ ಅಲೀತಾ ಇದ್ರೆ ಆರು ತಿಂಗಳಾದ್ರೂ ಒಂದು ಹಾಡು ಪೂರ್ತಿ ಬರಲ್ಲ. ಹಾಗಂತ ಕ್ರಮ ಪುಕ್ಕಟೆ ಸಿಗಲ್ಲ ಅಂತಲೂ ಅಲ್ಲ. ಆಸ್ಟ್ರೇಲಿಯಾ ಮೂಲದ ಜಸ್ಟಿನ್ ಸ್ಯಾಂಡರ್ಕೋ ಅನ್ನೋರು 2003ರಲ್ಲಿ ಶುರು ಮಾಡಿದ ಜಸ್ಟಿನ್‌ಗಿಟಾರ್ ವೆಬ್‌ಸೈಟಲ್ಲಿ ಹೊಸಬರ ಪಾಠ ಮೊದಲಿಂದ ಸಾಲಾಗಿ ಇದೆ, ಅದೂ ಉಚಿತವಾಗಿ. ಮೊದಲು ಅಂಥದ್ದೊಂದನ್ನ ಹಿಡ್ಕೊಂಡು ಒಂದೆರಡು ತಿಂಗಳು ಬಿಡದೆ ಕೂತ್ಕೊಳ್ಳಿ. ಆಮೇಲೂ ದಿನಾ ಗಿಟಾರ್ ಕೈಗೆ ಬರ್ತಿದ್ರೆ ತಿಂಗಳ ಪ್ಲಾನ್ ತಗೊಳ್ಳಿ, ವರ್ಷದ್ದರ ಮಾತು ಅದಾದ ಮೇಲೆ.

ಪ್ರಶ್ನೆ: ನಾಲ್ಕು ತಿಂಗಳಿಂದ ಒಂದು ಗಿಟಾರ್ ಆಪಲ್ಲಿ ಕಲೀತಿದೀನಿ. ಆಪು ನಾನು ನುಡಿಸಿದ್ದೆಲ್ಲಾ ಹಸಿರು ತೋರಿಸುತ್ತೆ, ಸ್ಟಾರ್ ಮೇಲೆ ಸ್ಟಾರ್ ಕೊಡುತ್ತೆ. ಆದ್ರೆ ಫ್ರೆಂಡ್ ಹಾಡೋಕೆ ಶುರು ಮಾಡಿದ್ರೆ ಎರಡು ಸಾಲಿಗೇ ಕೈ ನಿಂತುಹೋಗುತ್ತೆ. ಎಲ್ಲಿ ತಪ್ಪಾಗ್ತಿದೆ?

ಉತ್ತರ: ಆಪಿಗೆ ಇರೋದು ಕಿವಿ ಮಾತ್ರ ಸ್ವಾಮಿ, ಕಣ್ಣಿಲ್ಲ. ಯಾವ ಸ್ವರ ಬಂತು, ಹೆಚ್ಚು ಕಮ್ಮಿ ಯಾವಾಗ ಬಂತು ಅನ್ನೋದು ಮೈಕಿಗೆ ಗೊತ್ತಾಗುತ್ತೆ. ನಿಮ್ಮ ಮಣಿಕಟ್ಟು ಎಷ್ಟು ಸೊಟ್ಟ ಆಗಿದೆ, ಹೆಬ್ಬೆರಳು ಗಿಟಾರಿನ ಕತ್ತನ್ನ ಎಷ್ಟು ಜೋರಾಗಿ ಹಿಚುಕ್ತಿದೆ, ಒಂದು ತಂತಿಯ ಸದ್ದು ಅರ್ಧಂಬರ್ಧ ಸತ್ತಿದೆ, ಇದೆಲ್ಲ ಅದರ ಲೆಕ್ಕಕ್ಕೆ ಸರಿಯಾಗಿ ಬರಲ್ಲ. ಜೊತೆಗೆ ಸ್ಕ್ರೀನಲ್ಲಿ ಮುಂದಿನ ಕಾರ್ಡ್ ಓಡಿಬರ್ತಿರುತ್ತೆ, ನೀವು ಅದನ್ನ ನೋಡಿ ಒತ್ತುತೀರಿ ಅಷ್ಟೇ, ಹಾಡು ನಿಮ್ಮ ತಲೇಲಿ ಕೂತಿರಲ್ಲ, ಸ್ಕ್ರೀನ್ ತೆಗೆದ ತಕ್ಷಣ ಕೈಗೆ ದಾರಿ ತಪ್ಪುತ್ತೆ.

ಎಡಗೈ ತಡ ಮಾಡ್ತು ಅಂತ ಬಲಗೈ ನಿಲ್ಲಿಸ್ತಿದೀರಲ್ಲ, ಅಸಲು ತೊಂದರೆ ಅದೇ. ಆಪ್ ಮುಚ್ಚಿ ತಾಳ ಹಾಕೋ ಮೆಟ್ರೋನೋಮನ್ನ ನಿಮಿಷಕ್ಕೆ 60 ಬೀಟಿಗೆ ಇಟ್ಕೊಂಡು, ಒಂದೊಂದು ಕಾರ್ಡಿಗೆ ನಾಲ್ಕು ಬೀಟು ಅಂತ ನುಡಿಸಿ. ಕಾರ್ಡ್ ಸರಿಯಾಗಿ ಕೂರದಿದ್ರೂ ಪರವಾಗಿಲ್ಲ, ಬಲಗೈ ಮಾತ್ರ ನಿಲ್ಲಬಾರದು, ಬರೀ ತಂತಿ ಮೇಲಾದ್ರೂ ಓಡ್ತಾ ಇರ್ಲಿ. ಶುರುವಿಗೆ ಸಿ ಮೇಜರಿಂದ ಎ ಮೈನರ್ ತಗೊಳ್ಳಿ, ಅಲ್ಲಿ ಜಾಗ ಬದಲಾಯಿಸೋದು ಉಂಗುರದ ಬೆರಳೊಂದೇ. ಇ ಮೇಜರಿಂದ ಎ ಮೈನರೂ ಸಲೀಸು, ಅದೇ ಆಕಾರ ಒಂದು ತಂತಿ ಪಕ್ಕಕ್ಕೆ ಸರಿಯುತ್ತೆ. ಒಂದು ನಿಮಿಷದಲ್ಲಿ ಎಷ್ಟು ಸಲ ಬದಲಾಯಿಸೋಕಾಗುತ್ತೆ ಅಂತ ಎಣಿಸ್ತಾ ಹೋಗಿ, 30ರ ಹತ್ತಿರ ಬಂದ್ರೆ ನಿಧಾನದ ಹಾಡಿಗೆ ಸಾಕು. ವಾರಕ್ಕೊಂದು ಸಲ ಫೋನನ್ನ ಪಕ್ಕಕ್ಕಿಟ್ಟು ಎಡಗೈ ಕಾಣೋ ಹಾಗೆ ವಿಡಿಯೋ ಮಾಡ್ಕೊಳ್ಳಿ, ನೋಡೋಕೆ ಮುಜುಗರ ಆಗುತ್ತೆ, ಆದ್ರೂ ನೋಡಿ.

ಇನ್ನೊಂದು, ಬ್ಲೂಟೂತ್ ಹೆಡ್‌ಫೋನ್ ಹಾಕ್ಕೊಂಡು ನುಡಿಸ್ತಿದ್ರೆ ಇವತ್ತೇ ಬಿಡಿ. ಸದ್ದು ತಡವಾಗಿ ಕಿವಿಗೆ ಬರುತ್ತೆ, ನೀವು ಅದಕ್ಕೆ ತಾಳ ಹೊಂದಿಸ್ಕೊಂಡು ಕೈ ಕೆಡಿಸ್ಕೋತೀರಿ. ಸಾಧ್ಯ ಆದ್ರೆ ತಿಂಗಳಿಗೊಂದು ಸಲ ವಿಡಿಯೋ ಕಾಲಲ್ಲಿ ಒಬ್ಬ ಮೇಷ್ಟ್ರಿಗೆ ನುಡಿಸಿ ತೋರಿಸಿ. ಕಾಲಲ್ಲಿ ಇಬ್ಬರೂ ಒಟ್ಟಿಗೆ ನುಡಿಸೋಕೆ ಹೋಗ್ಬೇಡಿ, ನೆಟ್ಟಲ್ಲಿ ಸದ್ದು ಹಿಂದೆ ಬೀಳುತ್ತೆ, ಒಬ್ಬರಾದ ಮೇಲೆ ಒಬ್ಬರು ನುಡಿಸಬೇಕು. ಝೂಮ್ ಬಳಸ್ತಿದ್ರೆ ಒರಿಜಿನಲ್ ಸೌಂಡ್ ಆನ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಗಿಟಾರಿನ ಎಳೆದ ನಾದವನ್ನ ಗಲಾಟೆ ಅಂದ್ಕೊಂಡು ಅದೇ ಅಳಿಸಿಹಾಕುತ್ತೆ.

ಪ್ರಶ್ನೆ: ಬೆರಳು ವಿಪರೀತ ಉರಿಯುತ್ತೆ. ವಿಡಿಯೋದಲ್ಲಿ ಮೇಷ್ಟ್ರು ನಗ್ತಾ ನುಡಿಸ್ತಾರೆ, ನಂಗೆ ಕಣ್ಣೀರು ಬರುತ್ತೆ. ಬಿಟ್ಬಿಡ್ಲಾ?

ಉತ್ತರ: ಬಿಡಬೇಡಿ, ಮೊದಲು ಗಿಟಾರನ್ನೇ ಪರೀಕ್ಷೆ ಮಾಡಿ. 12ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿರೋ ಅಡ್ಡ ಲೋಹದ ಪಟ್ಟಿ) ಮೇಲೆ ತಂತಿಗೂ ಫ್ರೆಟ್ಟಿಗೂ ನಡುವಿನ ಅಂತರ ಅಳೀರಿ. ಸ್ಟೀಲ್ ತಂತಿಯ ಗಿಟಾರಲ್ಲಿ 2 ಮಿಲಿಮೀಟರ್ ಆಸುಪಾಸಿದ್ರೆ ಚೆನ್ನ, 3 ದಾಟಿದ್ರೆ ರಿಪೇರಿ ಮಾಡೋರ ಹತ್ರ ತಂತಿ ಕೆಳಗಿಳಿಸಿ. 12 ಗೇಜಿನ (ತಂತಿಯ ದಪ್ಪದ ಅಳತೆ) ತಂತಿ ಇದ್ರೆ ತೆಳುವಾದ 10ಕ್ಕೆ ಬನ್ನಿ. ಅಲ್ಲೀವರೆಗೆ ಒಂದು ಉಪಾಯ ಇದೆ, ಎಲ್ಲಾ ತಂತಿಯನ್ನ ಅರ್ಧ ಸ್ವರ ಇಳಿಸಿ ಮೊದಲ ಫ್ರೆಟ್ಟಿಗೆ ಕೇಪೋ (ತಂತಿಗಳನ್ನ ಒತ್ತಿ ಹಿಡಿಯೋ ಕ್ಲಿಪ್ಪು) ಹಾಕಿ, ಶ್ರುತಿ ಪಾಠದ್ದೇ ಉಳಿಯುತ್ತೆ, ಒತ್ತೋದು ಹಗುರ ಆಗುತ್ತೆ. ಬೆರಳನ್ನ ಫ್ರೆಟ್ಟಿನ ಬೆನ್ನಿಗೇ ಒತ್ತಿ, ನಡುವಲ್ಲಿ ಒತ್ತಿದ್ರೆ ಜಾಸ್ತಿ ಬಲ ಬೇಕು. ಬೆರಳ ತುದಿಯ ಉರಿ ಕೆಲವು ವಾರದಲ್ಲಿ ಜಡ್ಡುಗಟ್ಟಿ ಹೋಗುತ್ತೆ. ಮಣಿಕಟ್ಟು ನೋವು, ಜೋಮು ಹಿಡಿಯೋದು ಆದ್ರೆ ಮಾತ್ರ ನಿಲ್ಲಿಸಿ, ಹೋಗದಿದ್ರೆ ಡಾಕ್ಟರಿಗೆ ತೋರಿಸಿ. ಹಾಂ, ನೈಲಾನ್ ತಂತಿ ಮೆತ್ತಗಿರುತ್ತೆ ನಿಜ, ಆದ್ರೆ ಆ ಗಿಟಾರೇ ಬೇರೆ, ಅದಕ್ಕೆ ಸ್ಟೀಲ್ ತಂತಿ ಹಾಕೋಕೆ ಹೋದ್ರೆ ತಂತಿ ಕಟ್ಟೋ ಬ್ರಿಡ್ಜೇ ಕಿತ್ತು ಬರಬಹುದು.

ಪ್ರಶ್ನೆ: ಆಪ್ ಡಿಲೀಟ್ ಮಾಡಿದೀನಿ, ಆದ್ರೂ ದುಡ್ಡು ಕಟ್ಟಾಗ್ತಿದೆ!

ಉತ್ತರ: ಆಪ್ ತೆಗೆದ್ರೆ ಚಂದಾ ನಿಲ್ಲಲ್ಲ. ಫೋನಿನ ಪ್ಲೇ ಸ್ಟೋರ್ ಅಥವಾ ಆಪಲ್ ಅಕೌಂಟಲ್ಲಿ ಸಬ್‌ಸ್ಕ್ರಿಪ್ಷನ್ಸ್ ಅಂತ ಇರುತ್ತೆ, ಅಲ್ಲಿ ಹೋಗಿ ಕ್ಯಾನ್ಸಲ್ ಮಾಡಿ. ವೆಬ್‌ಸೈಟಲ್ಲಿ ಬ್ಯಾಂಕ್ ಕಾರ್ಡ್ ಕೊಟ್ಟಿದ್ರೆ ಅಲ್ಲೇ ಲಾಗಿನ್ ಆಗಿ ನಿಲ್ಲಿಸಬೇಕು. ಕ್ಯಾನ್ಸಲ್ ಆಗಿದೆ ಅನ್ನೋ ಮೇಲ್ ಬರೋವರೆಗೂ ಆಯ್ತು ಅಂದ್ಕೋಬೇಡಿ. ಕಟ್ಟಿದ ಅವಧಿ ಮುಗಿಯೋವರೆಗೂ ಸಾಮಾನ್ಯವಾಗಿ ಪಾಠ ತೆರೆದೇ ಇರುತ್ತೆ, ಬೇಕಿದ್ರೆ ಅಷ್ಟು ದಿನ ನೋಡ್ಕೊಳ್ಳಿ.