ಕೋವಿ–ತೋಟಾ ಪ್ರಶ್ನೋತ್ತರ: ಎಲ್ಕ್‌ಗೆ 6.5 ಕ್ರೀಡ್‌ಮೋರ್ ಸಾಕೇ?

ಪ್ರಶ್ನೆ: ಮಗ ಎಚ್-1ಬಿ ವೀಸಾದ ಮೇಲೆ ಡೆನ್ವರ್‌ನಲ್ಲಿದ್ದಾನೆ. ಅಕ್ಟೋಬರ್‌ನಲ್ಲಿ ಆಫೀಸಿನ ಗೆಳೆಯರೊಟ್ಟಿಗೆ ಕೊಲೊರಾಡೊ ಬೆಟ್ಟಗಳಿಗೆ ಎಲ್ಕ್ (ಅಲ್ಲಿನ ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೊರಟಿದ್ದಾನೆ. ಒಂದು ಅಂಗಡಿಯವರು 6.5 ಕ್ರೀಡ್‌ಮೋರ್ ರೈಫಲ್ ತಗೊಳ್ಳಿ ಅಂದರಂತೆ, ಇನ್ನೊಂದು ಕಡೆ .30-06 ಇಲ್ಲದೆ ಎಲ್ಕ್ ಬೀಳೋದಿಲ್ಲ ಅಂದರಂತೆ. ಅವನು ಇಲ್ಲಿ ಕ್ಲಬ್ಬಿನಲ್ಲಿ .22 ಹೊಡೆದಿದ್ದು ಬಿಟ್ಟರೆ ಬೇರೆ ಅನುಭವ ಇಲ್ಲ. ಯಾವುದು ಸರಿ?
— ಓದುಗರು, ಜಯನಗರ

ಉತ್ತರ: 6.5 ಕ್ರೀಡ್‌ಮೋರ್, .30-06 ಎರಡೂ ರೈಫಲ್ ತೋಟಾದ ಹೆಸರು; ಮೊದಲನೆಯದರ ಗುಂಡು ಸಣ್ಣದು, ಎರಡನೆಯದರದ್ದು ದೊಡ್ಡದು. ತೋಟಾದ ಮಾತಿಗೆ ಮೊದಲು ಕಾಗದಪತ್ರ ಸರಿಮಾಡಿಕೊಳ್ಳಲಿ. ವಲಸೆ ವೀಸಾ ಅಲ್ಲದವರು, ಅಂದರೆ ಎಚ್-1ಬಿಯವರೂ ಸೇರಿ, ಕೋವಿಯನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸಿದೆ. ಅದಕ್ಕಿರುವ ವಿನಾಯಿತಿಗಳಲ್ಲಿ ನಿಮ್ಮ ಮಗನಿಗೆ ಸಲ್ಲುವಂಥದ್ದು, ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿರುವುದು. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಕೊಲೊರಾಡೊ ಲೈಸೆನ್ಸ್ ಬೇಕಾದರೆ ಬೇಟೆ ತರಬೇತಿಯ ಕಾರ್ಡು ಕಡ್ಡಾಯ. ಹಾಗಾಗಿ ಮೊದಲು ತರಬೇತಿ, ಆಮೇಲೆ ಲೈಸೆನ್ಸ್, ಕೊನೆಗೆ ಕೋವಿ. ಗೆಳೆಯನ ರೈಫಲ್ ಸುಮ್ಮನೆ ಕೈಯಲ್ಲಿ ಹಿಡಿದು ನೋಡುವುದಕ್ಕೂ ಇದೇ ಕ್ರಮ. ಇಲ್ಲಿ ಎಡವಿದರೆ ವೀಸಾಕ್ಕೇ ಕುತ್ತು.

ತೋಟಾದ ವಿಷಯದಲ್ಲೂ ಕೊಲೊರಾಡೊ ನಿಯಮ ಸ್ಪಷ್ಟವಾಗಿದೆ. ಎಲ್ಕ್‌ಗೆ ಗುಂಡಿನ ವ್ಯಾಸ ಕನಿಷ್ಠ .24 ಇಂಚು, ತೂಕ ಕನಿಷ್ಠ 85 ಗ್ರೇನ್ (ಸುಮಾರು 5.5 ಗ್ರಾಂ) ಇರಬೇಕು, 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ಕ್ರೀಡ್‌ಮೋರ್‌ನ 143 ಗ್ರೇನ್ ಗುಂಡಿಗೆ ಆ ದೂರದಲ್ಲಿ ಅದರ ಎರಡರಷ್ಟು ಶಕ್ತಿ ಇರುತ್ತದೆ. ಕಾನೂನಿನ ಪ್ರಕಾರ ಅಡ್ಡಿಯಿಲ್ಲ.

.22 ಬಿಟ್ಟು ಬೇರೇನೂ ಹೊಡೆಯದವನಿಗೆ ನಮ್ಮ ಮತ ಕ್ರೀಡ್‌ಮೋರ್‌ಗೇ. ಕಾರಣ ಒದೆತ. ಸ್ಕೋಪ್ ಸೇರಿ 8 ಪೌಂಡ್ ತೂಗುವ ರೈಫಲ್‌ನಲ್ಲಿ ಕ್ರೀಡ್‌ಮೋರ್ ಸುಮಾರು 13 ಅಡಿ-ಪೌಂಡ್ ಒದೆಯುತ್ತದೆ, 180 ಗ್ರೇನ್ ಗುಂಡಿನ .308 ಎಂಬ ಇನ್ನೊಂದು ತೋಟಾ ಸುಮಾರು 18, ಅದೇ ತೂಕದ ಗುಂಡಿನ .30-06 ಸುಮಾರು 22. ಹೊಸಬ 22ರ ಒದೆ ತಿಂದು ಹತ್ತು ಈಡು ಮುಗಿಸುವಷ್ಟರಲ್ಲಿ, ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವುದು, ಭುಜ ಮುಂದಕ್ಕೆ ತಳ್ಳುವುದು ಕಲಿತಿರುತ್ತಾನೆ. ಗೆಳೆಯ ಅವನಿಗೆ ಕಾಣದ ಹಾಗೆ ಖಾಲಿ ಕೇಸ್ (ಹೊಡೆದ ತೋಟಾದ ಹಿತ್ತಾಳೆ ಕವಚ) ಒಂದನ್ನು ನಡುವೆ ತುಂಬಿಕೊಡಲಿ; ಸದ್ದಿಲ್ಲದ ಆ ಈಡಿನಲ್ಲಿ ನಳಿಗೆಯ ತುದಿ ಕೆಳಗೆ ಬಾಗಿದರೆ ರೋಗ ಹತ್ತಿದೆ ಎಂದೇ ಲೆಕ್ಕ. ಒಮ್ಮೆ ಹತ್ತಿದರೆ ಬಿಡಿಸುವುದು ಕಷ್ಟ.

ಆದರೆ ಒಂದು ಷರತ್ತು. ಗಂಡು ಎಲ್ಕ್ 300 ಕೆಜಿ ದಾಟುವ ಪ್ರಾಣಿ, ನಮ್ಮ ಕಡವೆಗಿಂತ ಭಾರ. ತೆಳು ತಾಮ್ರದ ಹೊದಿಕೆಯ, ಬೇಗ ಅರಳುವ ಗುರಿಪಂದ್ಯದ ಗುಂಡು ಬೇಡ. ಸೀಸವನ್ನು ಹೊದಿಕೆಗೆ ಬೆಸೆದ ಬಾಂಡೆಡ್ ಗುಂಡು 140 ಗ್ರೇನ್, ಇಲ್ಲವೇ ಪೂರ್ತಿ ತಾಮ್ರದ್ದು 120ರಿಂದ 130 ಗ್ರೇನ್ ಇರಲಿ. ದೂರದ ಮಿತಿ 300 ಗಜ. ಪ್ರಾಣಿ ಅಡ್ಡ ನಿಂತಾಗ, ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಗುರಿ. ಬೆನ್ನು ತಿರುಗಿಸಿ ನಿಂತ ಎಲ್ಕ್‌ಗೆ ಈಡು ಹಾರಿಸಬಾರದು. ಹಾಗೆ ನಿಂತದ್ದಕ್ಕೆ .30-06 ಹಿಡಿದವರೂ ಹಾರಿಸಬಾರದು, ಆ ಮಾತು ಬೇರೆ.

ಪ್ರಶ್ನೆ: ಹಿಂದಿನ ಸಂಚಿಕೆಯಲ್ಲಿ ನೀವು "ಇವತ್ತು ಮೊದಲ ರೈಫಲ್ ಕೊಳ್ಳುವವರು 6.5 ಕ್ರೀಡ್‌ಮೋರ್ ನೋಡಲಿ" ಎಂದು ಬರೆದಿರಿ. ಸೈನ್ಯದಲ್ಲಿ 7.62 ಮಿ.ಮೀ. ರೈಫಲ್ ಹೊಡೆದವನಾಗಿ ಒಪ್ಪಲಾರೆ. 1906ರಿಂದ ನಡೆದು ಬಂದ .30-06ಗೆ ಇಲ್ಲದ ಯಾವ ಗುಣ ಈ ಹೊಸ ಸಣ್ಣ ಗುಂಡಿಗಿದೆ? ಇದು ಜಾಹೀರಾತಿನ ಅಬ್ಬರ ಅಲ್ಲವೇ?
— ನಿವೃತ್ತ ಸೈನಿಕರು, ಯಲಹಂಕ

ಉತ್ತರ: ಅಬ್ಬರ ಇದೆ ಸರ್, ಇಲ್ಲ ಅನ್ನೋದಿಲ್ಲ. ಆದರೆ ಅಬ್ಬರದ ಕೆಳಗೆ ಲೆಕ್ಕವೂ ಇದೆ.

ಮೊದಲು ನಿಮ್ಮ ಕಡೆಯ ಬಲ. 180 ಗ್ರೇನ್ ಗುಂಡನ್ನು .30-06 ಸೆಕೆಂಡಿಗೆ 2,700 ಅಡಿ ವೇಗದಲ್ಲಿ ಬಿಡುತ್ತದೆ, ನಳಿಗೆಯ ಬಾಯಲ್ಲಿ ಸುಮಾರು 2,900 ಅಡಿ-ಪೌಂಡ್ ಶಕ್ತಿ. ಕ್ರೀಡ್‌ಮೋರ್ ಅದೇ 2,700 ಅಡಿ ವೇಗದಲ್ಲಿ ಬಿಡುವುದು 140–143 ಗ್ರೇನ್ ಗುಂಡು, ಶಕ್ತಿ 2,300ರ ಆಸುಪಾಸು. ಹತ್ತಿರದ ದೂರದಲ್ಲಿ, ದೊಡ್ಡ ಮೂಳೆಯ ಪ್ರಾಣಿಗೆ, .30-06 ಮೇಲು. ಕರಡಿ, ಮೂಸ್ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಎದುರಾಗುವ ಅಲಾಸ್ಕಾದಂಥ ಕಡೆಗೆ ಹೊರಟವರಿಗೆ ನಾವೂ .30-06 ಹಿಡಿಯಿರಿ ಎನ್ನುತ್ತೇವೆ. ಅಮೆರಿಕದಲ್ಲಿ ಯಾವ ಊರಿನ ಅಂಗಡಿಯಲ್ಲೂ ಅದರ ಡಬ್ಬಿ ಸಿಗುತ್ತದೆ, 150ರಿಂದ 220 ಗ್ರೇನ್‌ವರೆಗೆ.

ಈಗ ಇನ್ನೊಂದು ಕಡೆ. ಕ್ರೀಡ್‌ಮೋರ್‌ನ ಹೆಚ್ಚುಗಾರಿಕೆ ಗುಂಡಿನ ಉದ್ದದಲ್ಲಿದೆ. ಸಣ್ಣ ವ್ಯಾಸ, ಹೆಚ್ಚು ಉದ್ದ, ಚೂಪು ಮೂತಿ: ಇಂಥ ಗುಂಡು ಗಾಳಿಯಲ್ಲಿ ವೇಗವನ್ನು ನಿಧಾನವಾಗಿ ಕಳೆದುಕೊಳ್ಳುತ್ತದೆ. ಗಂಟೆಗೆ 10 ಮೈಲಿ ಅಡ್ಡಗಾಳಿ ಬೀಸುತ್ತಿದ್ದರೆ 300 ಗಜದಲ್ಲಿ 143 ಗ್ರೇನ್ ಗುಂಡು ಸುಮಾರು 5 ಇಂಚು ಸರಿಯುತ್ತದೆ. ಸಾಮಾನ್ಯ 150 ಗ್ರೇನ್ .308 ಗುಂಡು ಸರಿಯುವುದು 8 ಇಂಚಿನ ಹತ್ತಿರ. ಗುಂಡಿನ ಇಳಿತವನ್ನು ರೇಂಜ್‌ಫೈಂಡರ್ ಹೇಳಿಕೊಡುತ್ತದೆ, ಗಾಳಿಯನ್ನು ಮನುಷ್ಯನೇ ಅಂದಾಜು ಮಾಡಬೇಕು. ಈಡು ತಪ್ಪುವುದು ಬಹುಪಾಲು ಅಲ್ಲೇ.

6.5 ಮಿ.ಮೀ. ಗುಂಡು ಹೊಸದೂ ಅಲ್ಲ. 1894ರ ಸ್ವೀಡನ್ನಿನ 6.5×55ರಲ್ಲಿ ಅಲ್ಲಿಯವರು ಶತಮಾನಕ್ಕೂ ಮಿಕ್ಕಿ ಮೂಸ್ ಹೊಡೆಯುತ್ತ ಬಂದಿದ್ದಾರೆ. ಆದರೆ ಅದು .308ರ ಗಿಡ್ಡ ಆ್ಯಕ್ಷನ್‌ನಲ್ಲಿ (ಬೋಲ್ಟ್ ಓಡಾಡಿ ತೋಟಾ ತುಂಬುವ ಭಾಗದಲ್ಲಿ) ಕೂರುವುದಿಲ್ಲ. ಹಳೆಯ ರೈಫಲ್‌ಗಳೂ ಬಳಕೆಯಲ್ಲಿರುವುದರಿಂದ ಕಾರ್ಖಾನೆಗಳು ಅದನ್ನು ಕಡಿಮೆ ಒತ್ತಡದಲ್ಲೇ ತುಂಬುತ್ತವೆ. 1997ರಲ್ಲಿ ಬಂದ .260 ರೆಮಿಂಗ್ಟನ್ ಗಿಡ್ಡ ಆ್ಯಕ್ಷನ್ನಿಗೆ ಹೊಂದಿತು. ಆದರೆ ಅದರ ಕೇಸ್ ಉದ್ದ, ಹಾಗಾಗಿ ಉದ್ದದ ಗುಂಡನ್ನು ಮ್ಯಾಗಜೀನ್‌ಗೆ ಹಿಡಿಸಬೇಕಾದರೆ ಮದ್ದಿನ ಜಾಗಕ್ಕೆ ಒತ್ತಿ ಕೂರಿಸಬೇಕು. ಮೊದಮೊದಲ ರೈಫಲ್‌ಗಳ ನಳಿಗೆಯ ಸುತ್ತು, ಅಂದರೆ ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರು, 9 ಇಂಚಿಗೆ ಒಂದಿತ್ತು. ಭಾರದ ಗುಂಡಿಗೆ ಅದು ಕಷ್ಟಕ್ಕೆ ಸಾಕು.

2007ರಲ್ಲಿ ಹಾರ್ನಡಿ ಕಂಪನಿಯವರು ಸರಿಪಡಿಸಿದ್ದು ಇಷ್ಟನ್ನೇ. ಕೇಸನ್ನು 1.92 ಇಂಚಿಗೆ ಮೊಟಕು ಮಾಡಿದರು, ಕೇಸ್ ಕಿರಿದಾಗುವ ಭುಜವನ್ನು 30 ಡಿಗ್ರಿಗೆ ಇಟ್ಟರು, 8 ಇಂಚಿಗೆ ಒಂದು ಸುತ್ತನ್ನು ಮಾಮೂಲು ಮಾಡಿದರು. ಅದರಿಂದ ಅಂಗಡಿಯಿಂದ ತಂದ ಡಬ್ಬಿ ತೋಟಾ, ಅಂಗಡಿಯಿಂದ ತಂದ ರೈಫಲ್, ಎರಡೂ ಒಂದಕ್ಕೊಂದು ಹೊಂದುತ್ತವೆ. ಪವಾಡವೇನಿಲ್ಲ, ಒಳ್ಳೆಯ ಎಂಜಿನಿಯರಿಂಗ್ ಅಷ್ಟೆ.

ಅದರ ದೋಷವನ್ನೂ ಹೇಳಿಬಿಡೋಣ. .308ರ ನಳಿಗೆ 5,000 ಈಡು ತಾಳಿದರೆ ಇದರದ್ದು 2,500–3,000ಕ್ಕೆ ಗಂಟಲಿನಲ್ಲಿ (ಗುಂಡು ನಳಿಗೆಯೊಳಕ್ಕೆ ಹೊಗುವ ಆರಂಭದ ಭಾಗದಲ್ಲಿ) ಸವೆಯುತ್ತದೆ. ವರ್ಷಕ್ಕೆ ಎರಡು ಡಬ್ಬಿ ಹೊಡೆಯುವ ಬೇಟೆಗಾರನಿಗೆ ಅದು ಲೆಕ್ಕಕ್ಕಿಲ್ಲ, ಪಂದ್ಯದವರಿಗೆ ಖರ್ಚು. ಇನ್ನೊಂದು ದೋಷ ತೋಟಾದ್ದಲ್ಲ, ಹಿಡಿದವರದ್ದು: ಗುಂಡು 1,000 ಗಜ ಹೋಗುತ್ತದೆ ಎಂದು ಕೇಳಿ 600 ಗಜದ ಪ್ರಾಣಿಗೆ ಗುರಿಯಿಡುವುದು. ಅಷ್ಟು ದೂರಕ್ಕೆ ಗುಂಡಿನ ವೇಗ ಸೆಕೆಂಡಿಗೆ 1,900 ಅಡಿಯ ಆಸುಪಾಸಿಗೆ ಇಳಿದಿರುತ್ತದೆ. ಪೂರ್ತಿ ತಾಮ್ರದ ಎಷ್ಟೋ ಗುಂಡುಗಳು ಅರಳುವುದಕ್ಕೆ 1,800ರಿಂದ 2,000 ಅಡಿ ವೇಗ ಬೇಕು. ಅರಳದ ಗುಂಡು ಪೆನ್ಸಿಲ್ ಚುಚ್ಚಿದ ಹಾಗೆ ಆಚೆ ದಾಟುತ್ತದೆ, ಗಾಯಗೊಂಡ ಪ್ರಾಣಿ ಬೆಟ್ಟ ಹತ್ತಿಬಿಡುತ್ತದೆ. ಆಗ ಬೈಗುಳ ತೋಟಾಕ್ಕೆ.

ಪ್ರಶ್ನೆ: .270 ವಿಂಚೆಸ್ಟರ್ ಬಗ್ಗೆ ಯಾರೂ ಮಾತೇ ಆಡುವುದಿಲ್ಲವಲ್ಲ, ಹಳತಾಯಿತೇ?
— ಓದುಗರು, ಮಲ್ಲೇಶ್ವರ

ಉತ್ತರ: ಹಳತು ಹೌದು (1925), ಕೆಟ್ಟಿಲ್ಲ. 130 ಗ್ರೇನ್ ಗುಂಡು ಸೆಕೆಂಡಿಗೆ 3,060 ಅಡಿ. 200 ಗಜಕ್ಕೆ ಗುರಿ ಕೂರಿಸಿದರೆ (ಗುಂಡು ಅಲ್ಲಿ ನೇರ ಬೀಳುವ ಹಾಗೆ ಸ್ಕೋಪ್ ಹೊಂದಿಸಿದರೆ) 300 ಗಜದಲ್ಲಿ ಇಳಿಯುವುದು ಆರೂವರೆ ಇಂಚು. ಕ್ರೀಡ್‌ಮೋರ್ ಇಳಿಯುವುದು ಹತ್ತಿರತ್ತಿರ ಎಂಟು. ಬೇಟೆಯ ದೂರದಲ್ಲಿ .270 ಹೆಚ್ಚು ನೇರ, ಇದನ್ನು ಹೇಳಿದರೆ ಹೊಸಬರು ನಂಬುವುದಿಲ್ಲ. ಕೊರತೆ ಒಂದೇ: ನಳಿಗೆಯ ಸುತ್ತು 10 ಇಂಚಿಗೆ ಒಂದು, ಹಾಗಾಗಿ 150 ಗ್ರೇನ್ ಆಚೆಯ ಉದ್ದನೆಯ ಗುಂಡುಗಳು ನೆಟ್ಟಗೆ ಹಾರುವುದಿಲ್ಲ. ಮನೆಯಲ್ಲಿ .270 ಇರುವವರು ಅದನ್ನು ಮಾರಿ ಕ್ರೀಡ್‌ಮೋರ್ ಕೊಳ್ಳುವುದು ದಂಡ.

ಪ್ರಶ್ನೆ: ಹೊಸ ರೈಫಲ್ ಗುರಿ ಕೂರಿಸುವ ಕ್ರಮ ತಿಳಿಸಿ. ಎತ್ತರದ ಬೆಟ್ಟಕ್ಕೆ ಹೋದರೆ ಮತ್ತೆ ಹೊಂದಿಸಬೇಕೇ?
— ಓದುಗರು, ವೈಟ್‌ಫೀಲ್ಡ್

ಉತ್ತರ: ಸ್ಕೋಪ್ ರಿಂಗಿನ ಸ್ಕ್ರೂಗಳನ್ನು ಟಾರ್ಕ್ ಡ್ರೈವರ್‌ನಲ್ಲಿ 15–18 ಇಂಚು-ಪೌಂಡ್‌ಗೆ ಬಿಗಿಯಿರಿ. ಕೈಯಂದಾಜಿನಲ್ಲಿ ಬಿಗಿದದ್ದು ಒಂದೋ ಜಾರುತ್ತದೆ, ಇಲ್ಲವೇ ಸ್ಕೋಪ್ ಕೊಳವೆಯನ್ನು ಹಿಂಡುತ್ತದೆ. ಮೊದಲ ಈಡು 25 ಗಜಕ್ಕೆ, ಕಾಗದದ ಮೇಲೆ ಬಿದ್ದ ಮೇಲೆ 100 ಗಜಕ್ಕೆ. ಮೂರು ಮೂರರ ಗುಂಪು ಹೊಡೆದು, ನಡುವೆ ನಳಿಗೆ ಆರಲು ಬಿಡಿ. ಬೇಟೆ ರೈಫಲ್‌ನ ತೆಳು ನಳಿಗೆ ಬಿಸಿಯಾದರೆ ಗುಂಪು ಅಲೆಯುತ್ತದೆ, ಆಗ ಸ್ಕೋಪ್ ತಿರುಗಿಸಿದವರು ಬೆಳಗಿನ ತಣ್ಣನೆಯ ಮೊದಲ ಈಡಿನಲ್ಲಿ ತಪ್ಪುತ್ತಾರೆ. 100 ಗಜದಲ್ಲಿ 2 ಇಂಚು ಮೇಲೆ ಬಿದ್ದರೆ ಕ್ರೀಡ್‌ಮೋರ್ 200 ಗಜದಲ್ಲಿ ಸರಿಯಾಗಿ ಕೂರುತ್ತದೆ.

ಆಮೇಲೆ ಬೆಂಚಿನಿಂದ ಎದ್ದು, ಮಂಡಿಯೂರಿ, 8 ಇಂಚಿನ ತಟ್ಟೆಗೆ ಐದು ಈಡು. ಐದೂ ಬೀಳುವ ದೂರವೇ ನಿಮ್ಮ ಮಿತಿ, ತೋಟಾದ ಡಬ್ಬಿಯ ಮೇಲೆ ಏನು ಬರೆದಿದ್ದರೂ ಸರಿ. ಡಬ್ಬಿ ಬದಲಾದರೆ, ಅದೇ ತೂಕದ ಗುಂಡಾದರೂ, ಮತ್ತೆ ಪರೀಕ್ಷಿಸಿ. ಎತ್ತರದಲ್ಲಿ ಗಾಳಿ ತೆಳು, ಇಳಿತ ಕಡಿಮೆ. 300 ಗಜದೊಳಗೆ ವ್ಯತ್ಯಾಸ ಒಂದಿಂಚಿನ ಆಸುಪಾಸು. ಅದಕ್ಕಿಂತ ವಿಮಾನದ ಲಗೇಜಿನಲ್ಲಿ ಸ್ಕೋಪ್ ತಿಂದ ಪೆಟ್ಟು ಹೆಚ್ಚು ಕೆಡಿಸುತ್ತದೆ. ಇಳಿದ ಮೇಲೆ ಮೂರು ಈಡು ಹೊಡೆದು ನೋಡಲೇಬೇಕು.

ಪ್ರಶ್ನೆ: ಊರು ಕೊಡಗು, ಇರೋದು ಆರ್.ಟಿ. ನಗರ. ಮನೆಯ .315 ರೈಫಲ್‌ಗೆ 6.5 ನಳಿಗೆ ಹಾಕಿಸಬಹುದೇ? ತೋಟಕ್ಕೆ ಹಂದಿ ಕಾಟ ಇದೆ.
— ಓದುಗರು

ಉತ್ತರ: ಬೇಡ. .315 ಎನ್ನುವುದು ಆಸ್ಟ್ರಿಯಾದ ಹಳೆಯ 8×50 ಮ್ಯಾನ್‌ಲಿಖರ್ ತೋಟಾದ ಭಾರತೀಯ ರೂಪ. ಸೈನ್ಯದ .303 ಜನರ ಕೈಗೆ ಸಿಗಬಾರದೆಂದು ಬ್ರಿಟಿಷರ ಕಾಲದಲ್ಲಿ ಚಾಲ್ತಿಗೆ ಬಂತು. ಅದಕ್ಕೆ ಬುಡದಲ್ಲಿ ಅಂಚಿರುವ ಕೇಸ್, ಕ್ರೀಡ್‌ಮೋರ್‌ನದು ಅಂಚಿಲ್ಲದ್ದು. ಬೋಲ್ಟ್, ಎಕ್ಸ್‌ಟ್ರಾಕ್ಟರ್, ಮ್ಯಾಗಜೀನ್ ಒಂದೂ ಹೊಂದುವುದಿಲ್ಲ. ಕ್ರೀಡ್‌ಮೋರ್‌ನ 62,000 ಪಿಎಸ್‌ಐ ಒತ್ತಡ ಹಳೆಯ ಆ್ಯಕ್ಷನ್ನಿಗೆ ಅಪಾಯ. ಮೇಲಾಗಿ ಲೈಸೆನ್ಸ್ ಇಲ್ಲದೆ ಕೋವಿಯನ್ನು ಮಾರ್ಪಡಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 5ರಡಿ ಅಪರಾಧ.

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯ ಲೈಸೆನ್ಸಿಗೆ, ಬೇಟೆಗಲ್ಲ. 1972ರ ವನ್ಯಜೀವಿ ಕಾಯ್ದೆ ಎಲ್ಲರಿಗೂ ಒಂದೇ. ಹಂದಿ ಕಾಟಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಲಿಖಿತ ಅನುಮತಿಯಿಲ್ಲದೆ ಈಡು ಹಾರಿಸಬೇಡಿ.

ಪ್ರಶ್ನೆ: ಅಮೆರಿಕದಿಂದ ಬರುವಾಗ ಹೊಡೆದ ತೋಟಾದ ಖಾಲಿ ಕೇಸ್ ನೆನಪಿಗೆ ತರಬಹುದೇ?
— ಓದುಗರು, ಬಸವನಗುಡಿ

ಉತ್ತರ: ತರಬೇಡಿ. ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಸೇರುತ್ತವೆ. ದೇವನಹಳ್ಳಿಯಲ್ಲಿ ಸ್ಕ್ಯಾನರ್ ಮುಂದೆ ಕೂತವರಿಗೆ ಖಾಲಿ ಯಾವುದು, ತುಂಬಿದ್ದು ಯಾವುದು ಎಂದು ಬಿಡಿಸಿ ಹೇಳುವ ಹೊತ್ತಿಗೆ ನಿಮ್ಮ ಮುಂದಿನ ರೈಲು ಹೋಗಿರುತ್ತದೆ. ಬೇಟೆಗೆ ಒಯ್ದ ಬ್ಯಾಗನ್ನೇ ವಿಮಾನಕ್ಕೂ ತರುವುದಾದರೆ ಪ್ರತಿ ಜೇಬನ್ನೂ ಹೊರಳಿಸಿ, ಒಳಪದರವನ್ನು ಕೈಯಿಂದ ತಡವಿ ನೋಡಿ.