ಶಿಕ್ಷಣ ಪ್ರಶ್ನೋತ್ತರ: ಓದಿನ ನಡುವೆ ಕಾಲೇಜು ಬದಲಿಸುವುದು

ಪ್ರಶ್ನೆ: ನಾನು ಕುಷ್ಟಗಿಯವಳು. ಬಳ್ಳಾರಿಯಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಧೀನದ ಖಾಸಗಿ ಕಾಲೇಜೊಂದರಲ್ಲಿ ಸಿವಿಲ್ ಎಂಜಿನಿಯರಿಂಗ್‌ನ ಎರಡನೇ ಸೆಮಿಸ್ಟರ್‌ನಲ್ಲಿದ್ದೇನೆ. ನನ್ನ ಸಿಇಟಿ ರ‍್ಯಾಂಕಿಗೆ ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ. ಮೂರನೇ ಸೆಮಿಸ್ಟರ್‌ಗೆ ಬೆಂಗಳೂರಿನ ಹೆಸರುವಾಸಿ ಕಾಲೇಜಿನ ಕಂಪ್ಯೂಟರ್ ಸೈನ್ಸ್‌ಗೆ ಹೋಗುವ ಆಸೆಯಿದೆ. ಹಣ ಕೊಟ್ಟರೆ ಮಾಡಿಸಿಕೊಡುವೆನೆಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಮೊದಲ ಸೆಮಿಸ್ಟರ್‌ನ ಗಣಿತ ಬ್ಯಾಕ್‌ಲಾಗ್ ಉಳಿದಿದೆ. ಏನು ಮಾಡಲಿ?

ಉತ್ತರ: ನೀವು ಒಂದೇ ಉಸಿರಿನಲ್ಲಿ ಕಾಲೇಜು ಬದಲಾವಣೆ ಮತ್ತು ಬ್ರಾಂಚ್ ಬದಲಾವಣೆ ಎರಡನ್ನೂ ಕೇಳುತ್ತಿದ್ದೀರಿ. ಇವು ಬೇರೆ ಬೇರೆ ಅರ್ಜಿಗಳು, ಎರಡನ್ನೂ ಒಟ್ಟಿಗೆ ಬಯಸಿದಷ್ಟೂ ದಾರಿ ಕಿರಿದಾಗುತ್ತದೆ. ಎರಡಕ್ಕೂ ಮೂರನೇ ಸೆಮಿಸ್ಟರ್‌ನ ಆರಂಭವೇ ಸೂಕ್ತ ಕಾಲ. ಎರಡಕ್ಕೂ ಮೂಲ ಷರತ್ತೆಂದರೆ, ನೀವು ಬಯಸುವ ಬ್ರಾಂಚಿನಲ್ಲಿ ಮಂಜೂರಾದ ಸೀಟುಗಳ ಮಿತಿಯೊಳಗೆ ಒಂದು ಸೀಟು ನಿಜವಾಗಿ ಖಾಲಿ ಇರಬೇಕು. ಬೆಂಗಳೂರಿನ ಬೇಡಿಕೆಯ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಖಾಲಿಯಾಗುವುದು ಅಪರೂಪ. ಯಾರೋ ಮತ್ತೊಮ್ಮೆ ಪ್ರವೇಶ ಪರೀಕ್ಷೆ ಬರೆದು ಬೇರೆಡೆಗೆ ಹೋದಾಗ ಒಂದೆರಡು ಸೀಟು ತೆರವಾಗಬಹುದು, ಆದರೆ ಅವುಗಳ ಮೇಲೆ ಕಣ್ಣಿಟ್ಟವರಲ್ಲಿ ಅದೇ ಕಾಲೇಜಿನ ಬೇರೆ ಬ್ರಾಂಚಿನ ವಿದ್ಯಾರ್ಥಿಗಳೂ ಇರುತ್ತಾರೆಂಬುದನ್ನು ಮರೆಯಬಾರದು. ಆದ್ದರಿಂದ ನಿಮ್ಮ ಈಗಿನ ಕಾಲೇಜಿನಲ್ಲೇ ಬ್ರಾಂಚ್ ಬದಲಾವಣೆಗೆ ಅವಕಾಶವಿದೆಯೇ ಎಂದು ಮೊದಲು ಪ್ರಾಂಶುಪಾಲರ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿ ಸ್ಪರ್ಧೆ ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು, ನಿಮ್ಮನ್ನು ಬಲ್ಲ ಅಧ್ಯಾಪಕರೂ ಇದ್ದಾರೆ.

ಇನ್ನು ಬ್ಯಾಕ್‌ಲಾಗ್ ವಿಚಾರ. ಖಾಲಿ ಸೀಟು ಒಂದಿದ್ದು ಅರ್ಜಿಗಳು ಹಲವಿದ್ದಾಗ ನೋಡುವುದು ಮೊದಲ ವರ್ಷದ ಅಂಕಗಳನ್ನೇ. ಒಂದು ವಿಷಯ ಉಳಿದಿದ್ದರೂ ಅರ್ಜಿ ಹಿಂದಕ್ಕೆ ಬೀಳುತ್ತದೆ. ಅದರಲ್ಲಿಯೂ ನಿಮಗೆ ಉಳಿದಿರುವುದು ಗಣಿತ. ವಿಟಿಯುವಿನ 2022ರ ಸ್ಕೀಮಿನಲ್ಲಿ ಮೊದಲ ವರ್ಷದ ಗಣಿತವನ್ನು ಸ್ಟ್ರೀಮ್‌ವಾರು ಬೇರ್ಪಡಿಸಿದ್ದಾರೆ. ಸಿವಿಲ್‌ನವರದು ಬಿಎಂಎಟಿಸಿ 101 ಆದರೆ ಕಂಪ್ಯೂಟರ್ ಸೈನ್ಸ್‌ನವರದು ಬಿಎಂಎಟಿಎಸ್ 101. ನಿಮ್ಮ ಮಾರ್ಕ್ಸ್ ಕಾರ್ಡ್ ತೆಗೆದು ಆ ಕೋಡಿನ ಕೊನೆಯ ಅಕ್ಷರವನ್ನು ಒಮ್ಮೆ ನೋಡಿಕೊಳ್ಳಿ. ಬ್ರಾಂಚ್ ಬದಲಾದರೆ ಯಾವ ಪತ್ರಿಕೆಗಳು ಸಮಾನವೆಂದು ಒಪ್ಪಿತವಾಗುತ್ತವೆ, ಯಾವುವನ್ನು ಹೊಸದಾಗಿ ಬರೆಯಬೇಕಾಗುತ್ತದೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ಲಿಖಿತವಾಗಿ ಕೇಳಿಕೊಳ್ಳಬೇಕು. ಸ್ವಾಯತ್ತ ಕಾಲೇಜಿಗೆ ಹೋಗುವುದಾದರೆ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು, ಏಕೆಂದರೆ ಅಂಥ ಕಾಲೇಜುಗಳು ಪಠ್ಯಕ್ರಮವನ್ನು ತಾವೇ ರೂಪಿಸಿಕೊಳ್ಳುತ್ತವೆ, ಒಂದೇ ಹೆಸರಿನ ವಿಷಯದ ಒಳಹೂರಣ ಬೇರೆಯಿರಬಹುದು. ಮೂರನೇ ಸೆಮಿಸ್ಟರ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ ಓದುತ್ತಲೇ ಹಿಂದಿನ ಎರಡು ಪತ್ರಿಕೆ ಬರೆಯುವ ಹೊರೆ ಬಿದ್ದರೆ, ಅಷ್ಟು ಕಷ್ಟಪಟ್ಟು ಪಡೆದ ಸೀಟು ನೆಮ್ಮದಿ ಕೊಡದು.

ಹಣ ಕೇಳುವವರನ್ನು ದೂರವಿಡಿ. ಈಗಿನ ಕಾಲೇಜಿನ ಎನ್‌ಓಸಿ (ನಿರಾಕ್ಷೇಪಣಾ ಪತ್ರ), ಸೇರುವ ಕಾಲೇಜಿನ ಒಪ್ಪಿಗೆ, ವಿಶ್ವವಿದ್ಯಾಲಯದ ಅನುಮೋದನೆ, ಇಷ್ಟೂ ಸುತ್ತೋಲೆಯ ಗಡುವಿನೊಳಗೆ ನಡೆಯುವ ಕಾಗದದ ಕೆಲಸ. ಖಾಲಿ ಇಲ್ಲದ ಸೀಟನ್ನು ಯಾವ ಮಧ್ಯವರ್ತಿಯೂ ಸೃಷ್ಟಿಸಲಾರ, ಖಾಲಿ ಇದ್ದರೆ ಮಧ್ಯವರ್ತಿಯೇ ಬೇಕಿಲ್ಲ. ವಿಶ್ವವಿದ್ಯಾಲಯದ ಅನುಮೋದನೆ ಕೈಸೇರುವ ಮೊದಲು ಟಿಸಿ ತೆಗೆದುಕೊಳ್ಳಬೇಡಿ. ಹಾಗೆ ಮಾಡಿ ಇತ್ತಲೂ ಇಲ್ಲ, ಅತ್ತಲೂ ಇಲ್ಲ ಎಂದಾದವರು ಈ ಅಂಕಣಕ್ಕೆ ಬರೆದದ್ದುಂಟು.

ಕಂಪ್ಯೂಟರ್ ಸೈನ್ಸೇ ಬೇಕು, ಒಂದು ವರ್ಷ ಹೋದರೂ ಚಿಂತೆಯಿಲ್ಲ ಎಂಬ ಗಟ್ಟಿ ಮನಸ್ಸಿದ್ದರೆ ಸಿಇಟಿಯನ್ನು ಮತ್ತೆ ಬರೆಯುವುದೇ ಹೆಚ್ಚು ನೇರವಾದ ದಾರಿ ಎಂಬುದು ನನ್ನ ಅಭಿಪ್ರಾಯ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಮತ್ತು ಸಿಇಟಿ ಅಂಕ ಅರ್ಧರ್ಧ ಸೇರುವುದರಿಂದ ನಿಮ್ಮ ಪಿಯು ಅಂಕ ಚೆನ್ನಾಗಿದ್ದರೆ ಲಾಭವಿದೆ. ನೀವು ಕೊಪ್ಪಳ ಜಿಲ್ಲೆಯವರಾದ್ದರಿಂದ ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕ (ಹಿಂದಿನ ಹೈದರಾಬಾದ್ ಕರ್ನಾಟಕ, ಎಚ್.ಕೆ.) ಭಾಗದ ಸಂಸ್ಥೆಗಳಲ್ಲಿ ಶೇ. 70ರಷ್ಟು, ಹೊರಗಿನ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲಿವೆ. ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯುವ ಅರ್ಹತಾ ಪ್ರಮಾಣಪತ್ರ, ಜನ ಎಚ್.ಕೆ. ಸರ್ಟಿಫಿಕೇಟ್ ಎನ್ನುವುದು ಇದನ್ನೇ, ನಿಮ್ಮ ಬಳಿ ಇಲ್ಲದಿದ್ದರೆ ಈಗಲೇ ಮಾಡಿಸಿಡಿ. ಯಾವ ದಾರಿ ಹಿಡಿದರೂ ಈ ಬಾರಿಯ ಪರೀಕ್ಷೆಯಲ್ಲಿ ಗಣಿತ ಮುಗಿಸಿಕೊಳ್ಳುವುದು ಮೊದಲ ಕೆಲಸ.

ಪ್ರಶ್ನೆ: ನಾವು ಸಿಂಧನೂರಿನವರು, ಅಕ್ಕಿ ಗಿರಣಿ ಇದೆ. ಮಗ ಬಳ್ಳಾರಿಯಲ್ಲಿ ಕಂಪ್ಯೂಟರ್ ಸೈನ್ಸ್ ಮೂರನೇ ಸೆಮಿಸ್ಟರ್ ಓದುತ್ತಿದ್ದಾನೆ. ನನ್ನ ತಮ್ಮ ಕ್ಯಾಲಿಫೋರ್ನಿಯಾದಲ್ಲಿದ್ದು, ಎರಡು ವರ್ಷ ಇಲ್ಲಿ ಮುಗಿಸಿ ಅಲ್ಲಿನ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಟ್ರಾನ್ಸ್‌ಫರ್ ಆಗಬಹುದು ಎನ್ನುತ್ತಾನೆ. ನಿಜವೇ?

ಉತ್ತರ: ನಿಯಮದಲ್ಲಿ ನಿಜ, ವ್ಯವಹಾರದಲ್ಲಿ ಬಹಳ ಕಷ್ಟ. ಆ ವಿಶ್ವವಿದ್ಯಾಲಯ ಟ್ರಾನ್ಸ್‌ಫರ್ ಸೀಟುಗಳಲ್ಲಿ ಮೊದಲ ಆದ್ಯತೆ ಕೊಡುವುದು ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಿಂದ (ಪದವಿಯ ಮೊದಲ ಎರಡು ವರ್ಷ ಓದಿಸುವ ಸಾರ್ವಜನಿಕ ಕಾಲೇಜುಗಳು) ಬರುವವರಿಗೆ. ಹೊರಗಿನಿಂದ ಬರುವವರು ಸಾಮಾನ್ಯವಾಗಿ 60 ಸೆಮಿಸ್ಟರ್ ಯೂನಿಟ್‌ಗಳಷ್ಟು (ಅಲ್ಲಿನ ಕ್ರೆಡಿಟ್ ಲೆಕ್ಕ) ಓದನ್ನು ಮುಗಿಸಿರಬೇಕು, 4ಕ್ಕೆ ಕನಿಷ್ಠ 2.8 ಜಿಪಿಎ (ಸರಾಸರಿ ಗ್ರೇಡ್ ಅಂಕ) ಇರಬೇಕು. ಈ 2.8 ಅರ್ಜಿ ಹಾಕಲು ಬೇಕಾದ ಅಂಕವೇ ಹೊರತು ಕಂಪ್ಯೂಟರ್ ಸೈನ್ಸ್ ಸೀಟು ಸಿಗುವ ಅಂಕವಲ್ಲ. ಅಲ್ಲಿ ಸೇರುವವರ ಅಂಕಗಳು ಇದಕ್ಕಿಂತ ಬಹಳ ಮೇಲಿರುತ್ತವೆ.

ನಮ್ಮ ಕಡೆಯ ಮಕ್ಕಳು ಎಡವುವುದು ಗಣಿತದಲ್ಲಲ್ಲ, ಇಂಗ್ಲಿಷ್ ಬರವಣಿಗೆಯ ಷರತ್ತಿನಲ್ಲಿ. ಅಲ್ಲಿ ಕೇಳುವ ಏಳು ಕೋರ್ಸುಗಳ ಪೈಕಿ ಎರಡು ಇಂಗ್ಲಿಷ್ ಕಾಂಪೊಸಿಷನ್ ಆಗಿರಬೇಕು. ಓದಿದ ಪಠ್ಯವನ್ನು ವಿಶ್ಲೇಷಿಸಿ ದೀರ್ಘ ಪ್ರಬಂಧ ಬರೆಯುವ ಕೋರ್ಸುಗಳಿವು. ವಿಟಿಯು ಮೊದಲ ವರ್ಷದ ಒಂದು ಕ್ರೆಡಿಟ್‌ನ ಕಮ್ಯೂನಿಕೇಟಿವ್ ಇಂಗ್ಲಿಷ್ ಇದಕ್ಕೆ ಸಮನಾದೀತೆಂದು ನಂಬಿ ಕೂರಬೇಡಿ. ಮಗನ ಪ್ರತಿ ವಿಷಯದ ಸಿಲಬಸ್ ಪ್ರತಿಯನ್ನು, ಅಧ್ಯಾಯವಾರು ವಿವರ ಮತ್ತು ಪಠ್ಯಪುಸ್ತಕದ ಹೆಸರು ಸಮೇತ, ಕಾಲೇಜಿನ ಮೊಹರಿನೊಂದಿಗೆ ತೆಗೆದಿಟ್ಟುಕೊಳ್ಳಿ. ಅರ್ಜಿ ಸಲ್ಲಿಸುವ ಅವಧಿ ಅಕ್ಟೋಬರ್ 1ರಿಂದ ಸುಮಾರು ನವೆಂಬರ್ ಅಂತ್ಯದವರೆಗೆ, ಪ್ರವೇಶ ಮರುವರ್ಷದ ಶರತ್ಕಾಲಕ್ಕೆ. ಜೊತೆಗೆ 350 ಪದಗಳೊಳಗಿನ ನಾಲ್ಕು ಉತ್ತರಗಳನ್ನು ಬರೆಯಬೇಕು. ಅವುಗಳಲ್ಲಿ ಒಂದು ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಗೆ ಕಡ್ಡಾಯ, ಉಳಿದ ಮೂರನ್ನು ಏಳು ಪ್ರಶ್ನೆಗಳಿಂದ ಆರಿಸಿಕೊಳ್ಳಬಹುದು. ಕಡ್ಡಾಯ ಪ್ರಶ್ನೆ ಕೇಳುವುದು ಆ ವಿಷಯಕ್ಕೆ ವಿದ್ಯಾರ್ಥಿ ಹೇಗೆ ತಯಾರಾಗಿದ್ದಾನೆ ಎಂಬುದನ್ನೇ. ನಿಮ್ಮ ಮಗ ಗಿರಣಿಯ ಭತ್ತದ ಲೆಕ್ಕಕ್ಕೆ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದರೆ ಅದು ಅಲ್ಲಿ ಬರೆಯತಕ್ಕ ಮಾತು. "ಬಾಲ್ಯದಿಂದಲೂ ಕಂಪ್ಯೂಟರ್ ಎಂದರೆ ಪ್ರೀತಿ" ಎಂಬುದು ಎಲ್ಲರೂ ಬರೆಯುವ ಮಾತು.

ಬೇರೆ ವಿಷಯದಲ್ಲಿ ಒಳಗೆ ಸೇರಿ ಆಮೇಲೆ ಕಂಪ್ಯೂಟರ್ ಸೈನ್ಸ್‌ಗೆ ಜಿಗಿಯುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಒಪ್ಪಬೇಡಿ. ಬೇಡಿಕೆಯ ವಿಷಯಗಳಿಗೆ ಒಳಗಿನಿಂದ ಬದಲಾಗುವುದನ್ನೂ ಹಲವು ಕ್ಯಾಂಪಸ್‌ಗಳು ಬಿಗಿಗೊಳಿಸಿವೆ. ಆರು ಕ್ಯಾಂಪಸ್‌ಗಳಲ್ಲಿ ಟಿಎಜಿ ಎಂಬ ಖಾತ್ರಿ ಪ್ರವೇಶದ ವ್ಯವಸ್ಥೆಯಿದೆ, ಆದರೆ ಅದು ಅಲ್ಲಿನ ಕಮ್ಯೂನಿಟಿ ಕಾಲೇಜಿನಲ್ಲಿ ಓದಿದವರಿಗೆ ಮಾತ್ರ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಅದರಲ್ಲಿಲ್ಲ. ನಿಮ್ಮ ತಮ್ಮ ಅಲ್ಲಿರುವುದರಿಂದ ಊಟ–ವಸತಿಗೆ ಅನುಕೂಲವಾದೀತು, ಶುಲ್ಕ ಕಡಿಮೆಯಾಗದು. ವಿದ್ಯಾರ್ಥಿ ವೀಸಾದಲ್ಲಿ ಹೋಗುವವನು ಹೊರಗಿನವನೇ. ಸಾಮಾನ್ಯ ಶುಲ್ಕದ ಮೇಲೆ ವರ್ಷಕ್ಕೆ 30 ಸಾವಿರ ಡಾಲರಿಗೂ ಹೆಚ್ಚು ಕಟ್ಟಬೇಕು, ಮೊದಲ ವರ್ಷದ ವೆಚ್ಚಕ್ಕೆ ಹಣವಿದೆಯೆಂದು ದಾಖಲೆ ತೋರಿಸಬೇಕು. ಗಿರಣಿಯ ಮೇಲೆ ಸಾಲ ಮಾಡುವ ಯೋಚನೆಯಿದ್ದರೆ, ಇಲ್ಲಿ ಬಿಇ ಮುಗಿಸಿ ಎಂಎಸ್‌ಗೆ ಹೋಗುವುದು ಕಡಿಮೆ ಖರ್ಚಿನ, ಹೆಚ್ಚು ಭರವಸೆಯ ದಾರಿ ಎಂದೇ ಹೇಳುತ್ತೇನೆ.

ಪ್ರಶ್ನೆ: ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯಿದ್ದರೆ ಯಾವ ವಿಶ್ವವಿದ್ಯಾಲಯಕ್ಕೆ ಬೇಕಾದರೂ ವರ್ಗವಾಗಬಹುದೇ? (ಸಿರುಗುಪ್ಪದ ಬಿ.ಎಸ್‌ಸಿ. ವಿದ್ಯಾರ್ಥಿ)

ಉತ್ತರ: ಇಲ್ಲ. 2021ರಲ್ಲಿ ಆರಂಭವಾದ ಈ ವ್ಯವಸ್ಥೆ ನೀವು ಗಳಿಸಿದ ಕ್ರೆಡಿಟ್‌ಗಳನ್ನು ಗರಿಷ್ಠ ಏಳು ವರ್ಷ ಕಾಯ್ದಿಡುತ್ತದೆ, ಸೀಟು ಕೊಡುವುದಿಲ್ಲ. ಸೇರಿಸಿಕೊಳ್ಳುವುದು, ಬಿಡುವುದು ಆಯಾ ವಿಶ್ವವಿದ್ಯಾಲಯದ ನಿರ್ಧಾರ. ಖಾತೆಯಲ್ಲಿ ನಿಮ್ಮ ಹೆಸರು ಅಂಕಪಟ್ಟಿಯಲ್ಲಿರುವಂತೆಯೇ ಇದೆಯೇ, ಎಲ್ಲ ಸೆಮಿಸ್ಟರ್‌ಗಳ ಕ್ರೆಡಿಟ್ ಜಮೆಯಾಗಿದೆಯೇ ಎಂದು ಈಗಲೇ ನೋಡಿಕೊಳ್ಳಿ; ಬಿಟ್ಟುಹೋಗಿದ್ದರೆ ತುಂಬಿಸಬೇಕಾದವರು ನೀವು ಓದುತ್ತಿರುವ ಸಂಸ್ಥೆಯವರೇ.