ಹ್ಯಾಂಡಲ್ ಎತ್ತರಿಸುವ ಮುನ್ನ ಮಣಿಕಟ್ಟನ್ನು ನೋಡಿ

ಪ್ರಶ್ನೆ: ನನಗೆ 48 ವರ್ಷ, ಎತ್ತರ 5 ಅಡಿ 11 ಅಂಗುಲ. ಮಂಡ್ಯದಿಂದ ಮಡಿಕೇರಿಯಲ್ಲಿರುವ ಮಗಳ ಮನೆಗೆ ತಿಂಗಳಿಗೊಮ್ಮೆ ನನ್ನ 350 ಸಿಸಿ ಬೈಕಿನಲ್ಲಿ ಹೋಗಿಬರುತ್ತೇನೆ. ಹುಣಸೂರು ತಲುಪುವಷ್ಟರಲ್ಲಿ ಭುಜ ಮತ್ತು ಕತ್ತಿನ ಬುಡ ಹಿಡಿದುಕೊಳ್ಳುತ್ತವೆ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಎರಡು ಅಂಗುಲದ ರೈಸರ್ ಹಾಕಿಸಿ ಹ್ಯಾಂಡಲ್ ಎತ್ತರಿಸಿದರೆ ಸರಿಹೋಗುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಾರೆ. ಹಾಕಿಸಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಮಂಡ್ಯದಿಂದ ಹುಣಸೂರಿಗೆ ಸುಮಾರು 90 ಕಿಲೋಮೀಟರ್. ಅಷ್ಟರಲ್ಲೇ ಕೈ ಜೋಮು ಹಿಡಿಯುತ್ತಿದೆ ಎಂದರೆ ಕೂರುವ ಭಂಗಿಯಲ್ಲಿ ಏನೋ ಹೊಂದುತ್ತಿಲ್ಲ ಎಂಬ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆದರೆ ಬೆರಳಿನ ಜೋಮು ಮತ್ತು ಭುಜದ ನೋವು ಎರಡಕ್ಕೂ ಕಾರಣ ಒಂದೇ ಎಂದುಕೊಳ್ಳಬೇಡಿ.

ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ಹೋಗುವ ನರವು ಮಣಿಕಟ್ಟಿನ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಹಾದುಹೋಗುತ್ತದೆ. ಮಣಿಕಟ್ಟು ಹಿಂದಕ್ಕೆ ಬಾಗಿದ ಸ್ಥಿತಿಯಲ್ಲೇ ಗಂಟೆಗಟ್ಟಲೆ ಇದ್ದರೆ ಆ ನರ ಒತ್ತಿಹೋಗುತ್ತದೆ. ಎಂಜಿನ್ನಿನ ಕಂಪನ ಮತ್ತು ಬಿಗಿಯಾದ ಹಿಡಿತ ಅದಕ್ಕೆ ಕೂಡಿಕೊಳ್ಳುತ್ತವೆ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುವವರದ್ದು ಬೇರೆ ನರ, ಅದು ಅಂಗೈಯ ಬುಡದಲ್ಲೋ ಮೊಣಕೈಯಲ್ಲೋ ಒತ್ತಿಕೊಳ್ಳುವಂಥದ್ದು. ನಿಮ್ಮದು ಮೊದಲನೆಯ ಬಗೆ. ಆದ್ದರಿಂದ ಹ್ಯಾಂಡಲ್ಲಿನ ಎತ್ತರಕ್ಕೆ ಕೈಹಾಕುವ ಮುನ್ನ ಬ್ರೇಕ್ ಮತ್ತು ಕ್ಲಚ್ ಲಿವರುಗಳು ಯಾವ ಕೋನದಲ್ಲಿವೆ ಎಂಬುದನ್ನು ನೋಡಿ. ಬೈಕಿನ ಮೇಲೆ ಎಂದಿನಂತೆ ಕುಳಿತು ಬೆರಳುಗಳನ್ನು ಲಿವರಿನ ಮೇಲೆ ಚಾಚಿದಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಎಳೆದಂತೆ ಇರಬೇಕು. ಇದನ್ನು ಪಕ್ಕದಲ್ಲಿ ನಿಂತವರು ನೋಡಿ ಹೇಳಿದರೆ ಒಳ್ಳೆಯದು. ಮಣಿಕಟ್ಟಿನ ಬಳಿ ಗೆರೆ ಮುರಿದು ಅಂಗೈ ಮೇಲಕ್ಕೆ ಎದ್ದಿದ್ದರೆ ಲಿವರ್ ಹೆಚ್ಚು ಮೇಲಿದೆ ಎಂದೇ ಅರ್ಥ. ಅದರ ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ ಅರ್ಧ ಬೆರಳಿನಷ್ಟು ಕೆಳಕ್ಕೆ ತಿರುಗಿಸಿದರೆ ಸಾಕು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲದ ಕಾರಣ ನೀವು ಸರ್ವಿಸ್ ರಸ್ತೆಯಲ್ಲೇ ಬರುತ್ತಿರಬೇಕು. ಅಲ್ಲಿ ಹೆಜ್ಜೆಹೆಜ್ಜೆಗೂ ಬ್ರೇಕು, ಕ್ಲಚ್ಚು ಹಿಡಿಯುವ ಕೈಗೆ ಈ ಅರ್ಧ ಬೆರಳಿನ ಅಂತರ ಸಣ್ಣದಲ್ಲ.

ಇನ್ನು ಭುಜದ ಮಾತು. ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಡಿದುಕೊಂಡಿರಲು ಹೇಳಿ, ನೀವು ಕುಳಿತು ಕಣ್ಣು ಮುಚ್ಚಿ, ಭುಜ ಇಳಿಬಿಟ್ಟು, ಕೈಗಳನ್ನು ತಾವಾಗಿಯೇ ಮುಂದಕ್ಕೆ ಎತ್ತಿ. ಕೈಗಳು ನಿಂತ ಜಾಗಕ್ಕೂ ಹಿಡಿಕೆಗಳಿಗೂ ಎಷ್ಟು ಅಂತರವಿದೆ, ಯಾವ ದಿಕ್ಕಿನಲ್ಲಿದೆ ಎಂಬುದನ್ನು ಗಮನಿಸಿ. ಮೊಣಕೈ ತುಸು ಮಡಿಚಿಕೊಂಡೇ ಇರಬೇಕು. ಹಿಡಿಕೆ ಹಿಡಿದಾಗ ಅದು ಪೂರ್ತಿ ನೆಟ್ಟಗಾಗುತ್ತಿದ್ದರೆ ನಿಮಗೆ ಹ್ಯಾಂಡಲ್ ದೂರವಾಗಿದೆ ಎಂದರ್ಥ. ತಗ್ಗಾಗಿದೆ ಎಂದೇನೂ ಅಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದು ಹಣ ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ. ದೂರದ ತೊಂದರೆಯಾದರೆ ಹ್ಯಾಂಡಲ್ ಕ್ಲ್ಯಾಂಪಿನ ನಾಲ್ಕು ಬೋಲ್ಟುಗಳನ್ನು ಸಡಿಲಿಸಿ, ಮೊದಲಿದ್ದ ಸ್ಥಾನಕ್ಕೆ ಮಾರ್ಕರ್ ಪೆನ್ನಿನಿಂದ ಗುರುತು ಹಾಕಿಟ್ಟು, ಹ್ಯಾಂಡಲ್ಲನ್ನು ನಿಮ್ಮ ಕಡೆಗೆ ಸ್ವಲ್ಪ ತಿರುಗಿಸಿ ನೋಡಬಹುದು.

ಇಷ್ಟಾದ ಮೇಲೂ ಹಿಡಿಕೆ ತಗ್ಗೆನಿಸಿದರೆ ರೈಸರ್ ಹಾಕಿಸಿ, ಆದರೆ ಎರಡು ಅಂಗುಲದ್ದು ಬೇಡ, 20ರಿಂದ 30 ಮಿಲಿಮೀಟರಿನದು ಸಾಕು. ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವುದರಿಂದ ರೈಸರ್ ಕೂಡ ಸಾಮಾನ್ಯವಾಗಿ ಅದೇ ವಾಲಿನಲ್ಲಿ ಏರುತ್ತದೆ. ಫೋರ್ಕಿನ ವಾಲು 26 ಡಿಗ್ರಿ ಇದ್ದರೆ, 30 ಮಿಲಿಮೀಟರಿನ ರೈಸರ್ ಹಿಡಿಕೆಯನ್ನು 27 ಮಿಲಿಮೀಟರಿನಷ್ಟು ಮೇಲಕ್ಕೂ 13 ಮಿಲಿಮೀಟರಿನಷ್ಟು ನಿಮ್ಮ ಕಡೆಗೂ ತರುತ್ತದೆ. ಅತಿಯಾಗಿ ಎತ್ತರಿಸಿದರೆ ಬೆನ್ನು ಗೋಡೆಯಂತೆ ನೆಟ್ಟಗಾಗಿ, ಪ್ರತಿ ಹಂಪಿನ ಏಟೂ ಬೆನ್ನುಮೂಳೆಯ ಬುಡಕ್ಕೇ ಬೀಳುತ್ತದೆ. ಎದೆಗೆ ಬಡಿಯುವ ಗಾಳಿಯ ಒತ್ತಡವೂ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 60 ಕಿಲೋಮೀಟರಿನಿಂದ 80ಕ್ಕೆ ಹೋದರೆ ಅದು ಸುಮಾರು 1.8 ಪಟ್ಟಾಗುತ್ತದೆ. ಆ ಗಾಳಿಗೆ ಹಿಂದೆ ಸರಿಯದಂತೆ ಹ್ಯಾಂಡಲ್ಲಿಗೆ ಜೋತುಬೀಳುವ ಕೈಗಳು ಭುಜವನ್ನು ಮತ್ತಷ್ಟು ಬಿಗಿಮಾಡುತ್ತವೆ. ಆದ್ದರಿಂದ ದೂರದ ಪ್ರಯಾಣಕ್ಕೆ ಸೊಂಟದಿಂದ ತುಸು ಮುಂದಕ್ಕೆ ಬಾಗಿದ ಭಂಗಿಯೇ ಹಿತ.

ಒಂದು ಎಚ್ಚರಿಕೆಯನ್ನು ನನ್ನ ಅನುಭವದಿಂದಲೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ಎತ್ತರದ ಹ್ಯಾಂಡಲ್ ಹಾಕಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗಿದ್ದೆ. ವಾಹನ ನಿಲುಗಡೆಯಲ್ಲಿ ಬೈಕನ್ನು ಹೊರಳಿಸಲು ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದ ಕೂಡಲೇ, ನಾನು ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ ತಾನಾಗಿ ರೊಯ್ಯೆಂದು ಏರಿತು. ಹಳೆಯ ಆಕ್ಸಿಲರೇಟರ್ ಕೇಬಲ್ ಹೊಸ ಎತ್ತರಕ್ಕೆ ಸಾಲದೆ ಎಳೆದುಕೊಂಡಿತ್ತು. ಕ್ಲಚ್ ಹಿಡಿದೇ ಇದ್ದುದರಿಂದ ಬೈಕು ಮುಂದಕ್ಕೆ ನುಗ್ಗಲಿಲ್ಲ. ಇಂಥದ್ದು ನಿಮಗೆ ಆಗಬಾರದು. ರೈಸರ್ ಹಾಕಿಸಿದ ಮೇಲೆ ಗ್ಯಾರೇಜಿನಲ್ಲೇ ಬೈಕನ್ನು ನ್ಯೂಟ್ರಲ್ಲಿನಲ್ಲಿಟ್ಟು, ಎಂಜಿನ್ ಚಾಲೂ ಮಾಡಿ, ಹ್ಯಾಂಡಲ್ಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಎಂಜಿನ್ನಿನ ಸದ್ದು ಬದಲಾಗಬಾರದು. ಕ್ಲಚ್ ಲಿವರಿನಲ್ಲಿ ಮೊದಲಿನಷ್ಟೇ ಸಡಿಲ ಉಳಿದಿರಬೇಕು. ಮುಂದಿನ ಡಿಸ್ಕ್ ಬ್ರೇಕಿನ ಹೋಸ್ ಮತ್ತು ಹೆಡ್‌ಲೈಟಿನ ಹಿಂದಿನ ವೈರುಗಳು ಎಲ್ಲೂ ಬಿಗಿಯಾಗಬಾರದು. ಒಂದು ಬಿಗಿಯಾದರೂ ಉದ್ದದ ಕೇಬಲ್, ಹೋಸ್ ಹಾಕಿಸಿಯೇ ರಸ್ತೆಗಿಳಿಯಿರಿ.

ಬೈಕ್ ಓಡಿಸದ ದಿನವೂ ಬೆರಳು ಜೋಮು ಹಿಡಿಯುತ್ತಿದ್ದರೆ, ರಾತ್ರಿ ಅದರಿಂದಲೇ ಎಚ್ಚರವಾಗುತ್ತಿದ್ದರೆ, ಮೊದಲು ವೈದ್ಯರಿಗೆ ತೋರಿಸಿ.

ಎಲ್ಲ ಬದಲಾವಣೆಗಳನ್ನೂ ಒಂದೇ ದಿನ ಮಾಡಿಸಬೇಡಿ. ಈ ತಿಂಗಳು ಲಿವರ್ ಮಾತ್ರ ಸರಿಪಡಿಸಿಕೊಂಡು ಹೊರಡಿ. ಮೈಸೂರಿನಲ್ಲೊಮ್ಮೆ, ಹುಣಸೂರಿನಲ್ಲೊಮ್ಮೆ ನಿಲ್ಲಿಸಿ ಬೆರಳು ಹೇಗಿವೆ, ಭುಜ ಹೇಗಿದೆ ಎಂದು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ. ಹ್ಯಾಂಡಲ್ ತಿರುಗಿಸುವುದು, ರೈಸರ್ ಹಾಕಿಸುವುದು ಆ ಬರಹವನ್ನು ನೋಡಿಕೊಂಡ ಮೇಲಿನ ಮಾತು.